ಎಡಕ್ಕೆ ಐದು, ಕೆಳಕ್ಕೆ ಮೂರು

ನಮ್ಮ ಮನೆಯವರು ಹೋದ ದಿನ ನಾನು ಅಳಲಿಲ್ಲ. ಹದಿಮೂರನೆಯ ದಿನವೂ ಅಳಲಿಲ್ಲ. ಬಂದವರು ಕೂರಲೆಂದು ಹಜಾರದಲ್ಲಿ ಜಮಖಾನ ಹಾಸಿದೆ, ಅವರು ಹೋದ ಮೇಲೆ ಕೊಡವಿ ಮಡಿಸಿಟ್ಟೆ. 'ಕಲ್ಲು ಗುಂಡಿಗೆ ಕಣ್ರೀ ಇವಳದು' ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಇರಬಹುದು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಚುಚ್ಚಿದ ಮೇಲೆ ಕೆನ್ನೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ನನಗೆ ಇಡೀ ಮೈ ಹಾಗಿತ್ತು.

ಶಂಕರಪುರದ ನಮ್ಮ ಮನೆಯಲ್ಲಿ ಉಳಿದದ್ದು ಇಬ್ಬರು, ನಾನು ಮತ್ತು ನಮ್ಮತ್ತೆ. ನನಗೆ ಐವತ್ತೆಂಟು, ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ಸ್ವಯಂನಿವೃತ್ತಿ ತೆಗೆದುಕೊಂಡವಳು. ಅತ್ತೆಗೆ ಎಂಬತ್ತೆರಡು. ನಮ್ಮಿಬ್ಬರ ಜೊತೆಗೆ ಅವರ ರೈಫಲ್ಲೂ ಉಳಿದಿತ್ತು.

ರೈಫಲ್ ಎಂದ ಕೂಡಲೇ ಜನ ಹುಬ್ಬೇರಿಸುತ್ತಾರೆ. ನಮ್ಮವರು ಹುಲಿ ಹೊಡೆದವರಲ್ಲ, ಸೊಳ್ಳೆ ಹೊಡೆಯಲೂ ಬೇಸರಪಡುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಶನಿವಾರ ಸಿಕ್ಕಾಗಲೆಲ್ಲ ಊರಾಚೆಯ ರೇಂಜಿಗೆ ಹೋಗಿ, ಬೋರಲು ಮಲಗಿ, ಐವತ್ತು ಮೀಟರ್ ದೂರದ ಕಾಗದಕ್ಕೆ ಗುಂಡು ಹೊಡೆದು ಬರುತ್ತಿದ್ದರು. ಮಧ್ಯದ ಹತ್ತು ಅಂಕದ ವೃತ್ತ ಅಂಗಿಯ ಗುಂಡಿಗಿಂತ ದೊಡ್ಡದಲ್ಲ. ಅದನ್ನು ಹೊಡೆಯಲು ದುರ್ಬೀನು ಗಿರ್ಬೀನು ಏನಿಲ್ಲ. ರೈಫಲ್ಲಿನ ಹಿಂದುಗಡೆ ಕಣ್ಣಿನ ಹತ್ತಿರ ಒಂದು ಸಣ್ಣ ತೂತು, ನಳಿಗೆಯ ತುದಿಯಲ್ಲಿ ಒಂದು ಉಂಗುರ, ಅದರಾಚೆ ಕಪ್ಪು ಚುಕ್ಕೆ. ಮೂರೂ ಒಂದರೊಳಗೊಂದು ಕೂರಬೇಕು. ಇವಕ್ಕೆ ಸೈಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಸೈಟ್ ಎಂದರೆ ಎಲ್ಲರಿಗೂ ಮೂವತ್ತು ನಲವತ್ತು ಅಡಿಯ ಜಾಗವೇ ನೆನಪಾಗುವುದು. ಅಂಥದ್ದು ನಮಗೆ ಒಂದೂ ಇರಲಿಲ್ಲ.

ಮದುವೆಯಾದ ಹನ್ನೆರಡು ವರ್ಷಕ್ಕೆ, ಮನೆಯಲ್ಲಿ ಕೂತು ಕೂತು ಜಗಳವಾಡುವುದಕ್ಕಿಂತ ವಾಸಿ ಎಂದು ನನ್ನನ್ನೂ ಕರೆದುಕೊಂಡು ಹೋದರು. "ಚುಕ್ಕೆ ನೋಡ್ಬೇಡ ಕಣೇ, ಉಂಗುರ ನೋಡು. ಕಣ್ಣು ಒಂದ್ಸಲಕ್ಕೆ ಒಂದನ್ನೇ ಸರಿಯಾಗಿ ನೋಡೋದು. ಚುಕ್ಕೆ ಮಸುಕಾದ್ರೆ ಆಗ್ಲಿ ಬಿಡು" ಎನ್ನುತ್ತಿದ್ದರು. ನಾನು ರೇಂಜಿನ ರೈಫಲ್ಲಿನಲ್ಲಿ ಹೊಡೆಯುತ್ತಿದ್ದೆ. ಅವರದನ್ನು ಅಪರೂಪಕ್ಕೆ ಕೊಡುತ್ತಿದ್ದರು, ಒಂದೇ ಷರತ್ತಿನ ಮೇಲೆ: ಸೈಟಿನ ತಿರುಪು ಮುಟ್ಟಬಾರದು. ಹಿಂದಿನ ಸೈಟಿಗೆ ಎರಡು ತಿರುಪುಗಳಿವೆ. ಒಂದು ಎಡಬಲಕ್ಕೆ, ಇನ್ನೊಂದು ಮೇಲೆ ಕೆಳಗೆ. ತಿರುಗಿಸಿದರೆ ಟಕ್ ಟಕ್ ಎನ್ನುತ್ತದೆ, ಒಂದು ಟಕ್ಕಿಗೆ ಗುಂಡು ಕೂದಲೆಳೆಯಷ್ಟು ಸರಿಯುತ್ತದೆ. ಪ್ರತಿಯೊಬ್ಬರ ಕೆನ್ನೆ ಬೇರೆ, ಕಣ್ಣು ಬೇರೆ, ಹಿಡಿತ ಬೇರೆ. ಅದಕ್ಕೇ ಒಬ್ಬರ ಸೈಟು ಇನ್ನೊಬ್ಬರಿಗೆ ಕೂರುವುದಿಲ್ಲ. ಅವರಿಗೆ ನಟ್ಟನಡುವೆ ಬೀಳುವ ಗುಂಡು ನನಗೆ ಎಡಕ್ಕೆ, ಸ್ವಲ್ಪ ಕೆಳಕ್ಕೆ, ಗಡಿಯಾರದಲ್ಲಿ ಎಂಟು ಇರುವ ಕಡೆ ಬೀಳುತ್ತಿತ್ತು. ಎಷ್ಟು ಸಲ ಹೊಡೆದರೂ ಅಲ್ಲೇ. "ಬಂತು ನೋಡು ನಿನ್ನ ಎಂಟು ಗಂಟೆ" ಎಂದು ನಗುತ್ತಿದ್ದರು.

ಅವರು ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಗುವವರೆಗೆ ರೈಫಲ್ ಬಂದೂಕಿನ ಡೀಲರ್ ಒಬ್ಬರ ಅಂಗಡಿಯಲ್ಲಿತ್ತು. ನಾನು ಕಚೇರಿಯಿಂದ ಕಚೇರಿಗೆ ಅಲೆದೆ. "ಈ ವಯಸ್ಸಲ್ಲಿ ನಿಮಗ್ಯಾಕೆ ಮೇಡಂ ಇದು?" ಎಂದು ಒಬ್ಬ ಕೇಳಿದ. "ಹೊಡೆಯೋಕೆ" ಎಂದೆ. ಅವನು ಅರ್ಜಿ ಎಳೆದುಕೊಂಡು ಠಸ್ಸೆ ಒತ್ತಿದ.

ಕೈಗೆ ಬಂದ ವಾರವೇ ಆಟೋದಲ್ಲಿ ಪೆಟ್ಟಿಗೆ ಇಟ್ಟುಕೊಂಡು ರೇಂಜಿಗೆ ಹೋದೆ. ಡ್ರೈವರು "ವೀಣೆನಾ ಅಮ್ಮಾ?" ಎಂದ. ಹೌದು ಎಂದೆ, ಯಾರು ವಿವರಿಸುತ್ತಾ ಕೂರುತ್ತಾರೆ. ಮಲಗಿ ಐದು ಗುಂಡು ಹೊಡೆದೆ. ಐದೂ ಎಂಟು ಗಂಟೆಗೆ, ಒಂದೇ ತೂತಿನ ಹಾಗೆ. ಅಂಗಡಿಯವರು ತಿರುಪು ಮುಟ್ಟಿರಲಿಲ್ಲ. ನಮ್ಮವರು ಕೊನೆಯ ಸಲ ಇಟ್ಟದ್ದು ಹಾಗೇ ಇತ್ತು. ಏನೂ ಅನ್ನಿಸಲಿಲ್ಲ ಎಂದೇ ಹೇಳಬೇಕು. ಆದರೆ ಆ ಹಾಳೆಯನ್ನು ಬಿಸಾಡಲಿಲ್ಲ, ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಅಲ್ಲಿಂದ ಪ್ರತಿ ಶನಿವಾರ ಅದೇ ಕೆಲಸ. ಅಲ್ಲಿ ಕಲಿಸುವ ನಿವೃತ್ತ ಸುಬೇದಾರರಿಗೆ ನನ್ನ ಹಾಳೆ ನೋಡಿ ಕೈ ಕಡಿಯುತ್ತಿತ್ತು. "ಮೇಡಂ, ಐದೂ ಒಂದೇ ಕಡೆ, ಗ್ರೂಪು ಚಿನ್ನದಂಗಿದೆ. ಒಂದಷ್ಟು ಟಕ್ ತಿರುಗಿಸ್ಕೊಳ್ಳಿ, ಎಲ್ಲಾ ಹತ್ತಕ್ಕೆ ಬೀಳತ್ತೆ."

"ಬೇಡ."

"ಸ್ಕೋರ್ ಹಾಳಾಗ್ತಿದೆಯಲ್ಲ ಮೇಡಂ."

"ಆಗ್ಲಿ ಬಿಡಿ. ನಾನೇನು ಒಲಿಂಪಿಕ್ಸಿಗೆ ಹೋಗ್ಬೇಕಾ?"

ನಮ್ಮವರ ಅಂಗಿಗಳನ್ನು ಕೊಟ್ಟುಬಿಟ್ಟಿದ್ದೆ. ಕನ್ನಡಕ, ಚಪ್ಪಲಿ, ಎಲ್ಲ ಹೋಗಿತ್ತು. ಅವರ ಕಣ್ಣು ಎಲ್ಲಿಂದ ನೋಡುತ್ತಿತ್ತು ಎಂಬುದು ಮಾತ್ರ ಆ ಎರಡು ತಿರುಪುಗಳಲ್ಲಿ ಉಳಿದಿತ್ತು. ಅದನ್ನು ಅವರು ಎಲ್ಲೂ ಬರೆದಿಟ್ಟಿರಲಿಲ್ಲ. ತಿರುಪಿನ ಮೇಲಿನ ಅಂಕಿಗಳು ಸವೆದು ಯಾವ ಕಾಲವೋ ಆಗಿತ್ತು.

ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ವರ್ಷಾಬ್ದಿಕ ಆಗುವವರೆಗೆ ಯಾವ ಹಬ್ಬವೂ ಇಲ್ಲ, ಸಂಪ್ರದಾಯ. ಆಯುಧಪೂಜೆಯ ಹಿಂದಿನ ದಿನ ನಾನು ಎಣ್ಣೆ ಹಾಕಲೆಂದು ರೈಫಲ್ ತೆಗೆದೆ. ಗುಂಡು ಸಿಡಿಸುವ ಬೋಲ್ಟನ್ನು ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಅದೊಂದು ಬುದ್ಧಿ ಇತ್ತು. ಉಳಿದದ್ದನ್ನು ಮೇಜಿನ ಮೇಲೇ ಬಿಟ್ಟು, ಎಣ್ಣೆ ಮುಗಿದಿದೆಯೆಂದು ಗಾಂಧಿ ಬಜಾರಿಗೆ ಹೋದೆ. ಹಬ್ಬದ ಜನ, ಬೂದುಗುಂಬಳಕಾಯಿ ರಾಶಿ, ದಾಟಿ ಬರುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು.

ಬಂದು ನೋಡಿದರೆ ಅತ್ತೆ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಈಳಿಗೆಮಣೆ, ಕತ್ತರಿ, ತುರಿಮಣೆ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ತೊಡೆಯ ಮೇಲೆ ರೈಫಲ್. ಹಳೆಯ ಪಂಚೆಯ ಚೂರಿನಿಂದ ಸೈಟಿನ ತಿರುಪುಗಳನ್ನು ಒಂದೊಂದಾಗಿ ಹಿಡಿದು, ಸಂದಿಯಲ್ಲಿದ್ದ ಜಿಡ್ಡು ಹೋಗಲೆಂದು, ಸುತ್ತಲೂ ತಿರುಗಿಸುತ್ತಿದ್ದರು. ಟಕ್ ಟಕ್ ಟಕ್ ಟಕ್.

"ಹಬ್ಬ ಇಲ್ಲ ಅಂತ ಗೊತ್ತು ಕಣೆ. ಒರೆಸಿಡೋಕೇನು? ಪ್ರತಿ ವರ್ಷ ಅವನೇ ಒರೆಸ್ತಿದ್ದ" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಬೀದಿಗೆಲ್ಲ ಗೊತ್ತು. ಆದರೆ ಆ ಹೊತ್ತು ಬಾಯಿಂದ ಬಂದ ಮಾತು ನನ್ನದೆಂದು ನನಗೇ ನಂಬಲಾಗಲಿಲ್ಲ.

"ನಿಮ್ಮ ಮಗನ್ನ ಇನ್ನೊಂದ್ಸಲ ಸಾಯಿಸ್ಬಿಟ್ರಲ್ಲ ಅತ್ತೆ!"

ಅತ್ತೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ತಮ್ಮ ಕೋಣೆಗೆ ಹೋದರು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ನಾನೇ ಶಾಲೆಯ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಅವತ್ತಿನಿಂದ ಊಟಕ್ಕೆ ಕರೆಯುವುದು, ಮಾತ್ರೆ ಕೊಡುವುದು, ಅಷ್ಟೇ ನಮ್ಮ ಮಾತು.

ದಾರಿ ಒಂದೇ ಇತ್ತು. ನಾನು ಹೊಡೆದರೆ ಎಂಟು ಗಂಟೆಗೆ ಬೀಳಬೇಕು, ಅಲ್ಲಿಗೆ ತಿರುಪು ಬಂದರೆ ಅದೇ ಅವರ ಸೈಟು. ಮೊದಲ ಶನಿವಾರ ಗುಂಡು ಕಪ್ಪು ಚುಕ್ಕೆಯನ್ನೇ ಮುಟ್ಟಲಿಲ್ಲ, ಮೇಲೆ ಬಲಗಡೆಯ ಬಿಳಿಯ ಜಾಗದಲ್ಲಿ ಬಿತ್ತು. ತಿರುಗಿಸಿ ತಿರುಗಿಸಿ ಒಳಗೆ ತಂದೆ. ತಂದರೇನು, ಐದು ಗುಂಡು ಐದು ಕಡೆ, ರಾಗಿ ಚೆಲ್ಲಿದ ಹಾಗೆ. ಗುಂಡುಗಳು ಒಂದೆಡೆ ಸೇರದಿದ್ದರೆ ಸೈಟು ಎಲ್ಲಿದೆ ಎಂದು ಹೇಳುವುದು ಹೇಗೆ? ಎರಡನೆಯ ವಾರವೂ ಹಾಗೇ. ಮೂರನೆಯ ವಾರ ಸುಬೇದಾರರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಯಾರ ಮೇಲೆ ಸಿಟ್ಟು ಮೇಡಂ?"

"ಯಾರ ಮೇಲೂ ಇಲ್ಲ."

"ಬೆರಳು ಬೇರೆ ಹೇಳ್ತಿದೆ. ಟ್ರಿಗರ್ ಒತ್ತುತಿಲ್ಲ ನೀವು, ಬಡೀತಿದೀರ. ಸಿಟ್ಟಿಟ್ಕೊಂಡು ಇದಕ್ಕೆ ಕೈ ಹಾಕ್ಬೇಡಿ. ಉಸಿರು ಅರ್ಧ ಬಿಡಿ, ಅಲ್ಲೇ ನಿಲ್ಲಿಸಿ, ಕಾಯಿರಿ."

ನಾಲ್ಕನೆಯ ಶನಿವಾರ ಹೊರಡುವಾಗ ಅತ್ತೆ ಜಗುಲಿಯಲ್ಲಿ ಹೂ ಕಟ್ಟುತ್ತಿದ್ದರು. ಮಗ ಹೋದ ಮೇಲೆ ಅವರು ಎಷ್ಟು ಸಣ್ಣಗಾಗಿದ್ದಾರೆಂದು ನಾನು ನೋಡಿಯೇ ಇರಲಿಲ್ಲ. ಕುಪ್ಪಸದ ತೋಳಿನಲ್ಲಿ ಕೈ ಅಲ್ಲಾಡುತ್ತಿತ್ತು. ಅವತ್ತು ರೇಂಜಿನಲ್ಲಿ ಮಲಗಿದಾಗ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಅರ್ಧ ಉಸಿರು ಬಿಟ್ಟೆ, ಉಂಗುರ ನೋಡಿದೆ, ಕಾದೆ. ಎರಡು ಟಕ್ ಎಡಕ್ಕೆ, ಒಂದು ಟಕ್ ಕೆಳಕ್ಕೆ, ಮತ್ತೆ ಐದು ಗುಂಡು. ಹಾಳೆ ತರಿಸಿಕೊಂಡು, ಬ್ಯಾಗಿನಲ್ಲಿದ್ದ ಹಳೆಯ ಹಾಳೆಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದೆ. ತೂತಿನೊಳಗೆ ತೂತು ಕೂತು ಆಚೆಯ ಆಕಾಶ ಕಾಣಿಸಿತು.

ಮನೆಗೆ ಬಂದವಳೇ ಅತ್ತೆಯ ಮುಂದೆ ಹಾಳೆ ಇಟ್ಟೆ. "ಸಿಕ್ತು ಅತ್ತೆ. ಅವರು ಇಟ್ಟಿದ್ದ ಹಾಗೇ ಮಾಡ್ದೆ. ನಾನು ಅವತ್ತು ಅಂದಿದ್ದು ತಪ್ಪು."

ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ಬೆರಳಿನಿಂದ ತೂತು ಮುಟ್ಟಿದರು, ಆಮೇಲೆ ಮಧ್ಯದ ವೃತ್ತ ಮುಟ್ಟಿದರು.

"ಮಧ್ಯಕ್ಕೆ ಬಿದ್ದಿಲ್ವಲ್ಲೇ?"

"ನಾನು ಹೊಡೆದ್ರೆ ಅಲ್ಲೇ ಬೀಳೋದು. ಅವರು ಹೊಡೆದ್ರೆ ಮಧ್ಯಕ್ಕೆ ಬೀಳತ್ತೆ."

ಅತ್ತೆ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಅವನಿನ್ನೆಲ್ಲಿ ಹೊಡೀತಾನೆ ಮಗೂ" ಎಂದರು. ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಮಗು ಎಂದದ್ದು ಅದೇ ಮೊದಲು. "ನೀನೇ ತಾನೇ ಹೊಡೀಬೇಕು."

ನಾನು ಎರಡು ತಟ್ಟೆ ಹಾಕಿದೆ. ಅವತ್ತು ಇಬ್ಬರೂ ಒಟ್ಟಿಗೆ ಕೂತು ಉಂಡೆವು.

ಮುಂದಿನ ಶನಿವಾರ ರೇಂಜಿನಲ್ಲಿ ಮಲಗಿ, ತಿರುಪುಗಳಿಗೆ ಕೈ ಹಾಕಿದೆ. ತೂತಿನಿಂದ ಮಧ್ಯಕ್ಕೆ ಎಷ್ಟು ಟಕ್ ಎಂದು ಹಾಳೆಯಲ್ಲಿ ಅಳೆದು ಲೆಕ್ಕ ಹಾಕಿಕೊಂಡಿದ್ದೆ. ಬಲಕ್ಕೆ ತಿರುಗಿಸಿದೆ, ಎಣಿಸಿದೆ, ಐದು. ಮೇಲಕ್ಕೆ ಮೂರು. ಎಂಟು ಸಲ ಟಕ್ ಎಂದದ್ದು ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಎದ್ದು ಕೂತು, ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದೆ: 'ಅವರದು. ಎಡಕ್ಕೆ ಐದು, ಕೆಳಕ್ಕೆ ಮೂರು.' ಇನ್ನು ಯಾರು ಒರೆಸಿದರೂ, ನನ್ನ ಮಧ್ಯದಿಂದ ಎಣಿಸಿದರೆ ಅವರು ಸಿಗುತ್ತಾರೆ.

ಮತ್ತೆ ಮಲಗಿದೆ. ಅರ್ಧ ಉಸಿರು ಬಿಟ್ಟು, ಉಂಗುರ ನೋಡಿ, ಒತ್ತಿದೆ.

ಸುಬೇದಾರರು ಹಾಳೆ ನೋಡಲೆಂದು ಇಟ್ಟಿದ್ದ ದುರ್ಬೀನಿಗೆ ಕಣ್ಣಿಟ್ಟು "ಹತ್ತು ಮೇಡಂ! ನಟ್ಟನಡುವೆ! ಬನ್ನಿ, ನೀವೇ ನೋಡಿ" ಎಂದರು.

ನಾನು ಹೋಗಲಿಲ್ಲ. ಒಂಬತ್ತು ತಿಂಗಳಿಂದ ಬಾರದಿದ್ದದ್ದು ಒಮ್ಮೆಲೇ ಬಂದಿತ್ತು, ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ನನಗೆ ಉಂಗುರವೂ ಕಾಣಲಿಲ್ಲ, ಚುಕ್ಕೆಯೂ ಕಾಣಲಿಲ್ಲ.