ಜಾಲರಿ ಹಿಡಿದ ಕೈ

ಬಾಯಮ್ಮನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ನಾಯಿಯೊಂದರ ಗಂಟಲಲ್ಲಿ ಸಿಕ್ಕಿಕೊಂಡ ಮೂಳೆ ತೆಗೆಯಲು ಹೋಗಿ ಕಳೆದುಕೊಂಡದ್ದು. ಆ ಬೋಳು ಹೆಬ್ಬೆರಳು ಪಿಕಪ್ಪಿನ ಹಿಂದಿನ ತಂತಿ ಜಾಲರಿಯನ್ನು ಬಿಗಿಹಿಡಿದದ್ದು ನನಗೆ ನೆನಪಿದೆ. ಆದರೆ ಕೈ ಹೊರಗಿತ್ತೋ ಒಳಗಿತ್ತೋ? ಹೊರಗೆ ಎಂದೇ ಬಹಳ ವರ್ಷ ಹೇಳಿಕೊಂಡು ಬಂದೆ. ಹೇಳಿ ಹೇಳಿ ಅದೇ ನೆನಪಾಗಿಬಿಟ್ಟಿರಲೂಬಹುದು.

ತೊಂಬತ್ತರ ದಶಕದ ಕೊನೆ. ಕುವೈತಿನ ಖೈತಾನ್‌ನಲ್ಲಿ ಹಳೆಯ ಮನೆಯೊಂದರ ಮಹಡಿಯ ಕೋಣೆ ನನ್ನದು. ಕೆಳಗೆ, ಅಂಗಳದ ಪಕ್ಕದ ಭಾಗ ಬಾಯಮ್ಮನದು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ನರ್ಸ್. ಮನೆಯ ಯಜಮಾನನ ಮುದಿ ತಾಯಿಯನ್ನು ನೋಡಿಕೊಳ್ಳಲು ಬಂದವರು, ಹಾಗಾಗಿ ವೀಸಾ ಕೊಟ್ಟು ಹೊಣೆ ಹೊತ್ತ ಆತನೇ ಅವರ ಕಫೀಲ್. ಮುದುಕಿ ತೀರಿಕೊಂಡ ಮೇಲೂ ಆತ ಅವರನ್ನು ಕಳಿಸಲಿಲ್ಲ.

ಊರಿಗೆ ಮರಳುವ ಕುಟುಂಬಗಳು ಸೋಫಾ, ಫ್ರಿಜ್ಜು ಮಾರಿ, ನಾಯಿಯನ್ನು ಮಾತ್ರ ಬಾಯಮ್ಮನ ಗೇಟಿಗೆ ಕಟ್ಟಿ ವಿಮಾನ ಹತ್ತುತ್ತಿದ್ದವು. ಹಾಗೆ ಸೇರಿದ ನಾಯಿಗಳು ಐದೋ ಆರೋ ಇದ್ದವು, ಅದರಲ್ಲೊಂದು ಕುರುಡು. ನನಗೆ ಟೈಫಾಯ್ಡ್ ಬಂದಾಗ ಗಂಜಿ ಹಿಡಿದು, ಆ ಕುರುಡು ನಾಯಿಯನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿ ಬಂದವರು ಅವರೊಬ್ಬರೇ. "ಎಂಎ ಮಾಡಿದವ ನೀನು. ಕಣ್ಣು ಕಾಣದ ಇದಕ್ಕೆ ನಿನಗಿಂತ ಧೈರ್ಯ ಉಂಟು, ನೋಡು" ಎಂದು ಗದರಿದ್ದರು.

ಬೀದಿಯ ಮೂಲೆಯಲ್ಲಿ ಬ್ಯಾರಿ ಕಾಕಾನ ಕಿರಾಣಿ ಅಂಗಡಿ. ನಾಯಿಯ ಜೊಲ್ಲು ತಾಗಿದರೆ ಅವರು ಮಣ್ಣು ಹಚ್ಚಿ ತೊಳೆದೇ ನಮಾಜಿಗೆ ನಿಲ್ಲಬೇಕು. ಅದಕ್ಕೆ ಬಾಯಮ್ಮ ಆ ಮೂಲೆ ಬಂದೊಡನೆ ಹಗ್ಗಗಳನ್ನು ಗಿಡ್ಡ ಮಾಡಿ ರಸ್ತೆ ದಾಟುತ್ತಿದ್ದರು.

ಯಾರೋ ದೂರು ಕೊಟ್ಟರು. ನಗರಸಭೆಯವನು ಬಂದು, ಕುಟುಂಬಗಳಿರುವ ಪ್ರದೇಶದಲ್ಲಿ ಬಿಡಾರದಲ್ಲಿರುವ ಹೊರದೇಶದವರು ಇಷ್ಟು ನಾಯಿ ಸಾಕುವಂತಿಲ್ಲ, ಮನೆಯ ಯಜಮಾನ ಬೇಕಾದರೆ ತನ್ನ ಅಂಗಳದ ಕಾವಲಿಗೆಂದು ಪರವಾನಗಿ ಪಡೆಯಲಿ ಎಂದ. ಕಫೀಲ್ ನಕ್ಕ. "ಸಿಸ್ಟರ್, ಮೇರಾ ನಾಮ್ ಲಿಖೋ. ಖಲಾಸ್."

ಬಾಯಮ್ಮ ಹಿಂಜರಿದರು. "ಮಕ್ಕಳು ನನ್ನವು, ಹೆಸರು ಅವನದ್ದು. ಸರಿ ಕಾಣ್ತದಾ?"

"ನನ್ನ ಅಂಗಡಿಯೇ ಅರಬಿಯ ಹೆಸರಲ್ಲುಂಟು ಬಾಯಮ್ಮಾ" ಎಂದರು ಕಾಕಾ. "ನಿಮ್ಮ ನಾಯಿಗಳಿಗೆ ಎಂತ ಅಷ್ಟು ಗತ್ತು?"

ಎಲ್ಲರೂ ನಕ್ಕೆವು. ಅಂಗಡಿ, ಗ್ಯಾರೇಜು, ಟ್ಯಾಕ್ಸಿ, ಎಲ್ಲದರಲ್ಲೂ ಬೆವರು ನಮ್ಮದು, ಹೆಸರು ಕಫೀಲನದು. ನಮಗೆ ಅದು ರೂಢಿಯಾಗಿಹೋಗಿತ್ತು. ಪರವಾನಗಿ ಬಂದ ದಿನ ಬಾಯಮ್ಮ ಬೀದಿಗೆಲ್ಲ ಕೇಕು ಹಂಚಿದರು.

ಕೆಲವು ವರ್ಷಗಳ ಮೇಲೆ ಕಫೀಲ್ ತೀರಿಕೊಂಡ. ಮಗ ಮನೆ ಕೆಡವಿ ಫ್ಲ್ಯಾಟು ಕಟ್ಟಿಸಲು ಹೊರಟ. ಅಲ್ಲಿ ಉಳಿಯಲು ಬೇಕಾದ ಬಾಯಮ್ಮನ ಇಕಾಮಾ ನವೀಕರಣವಾಗಲಿಲ್ಲ. ಕುರುಡು ನಾಯಿಯನ್ನಾದರೂ ಊರಿಗೆ ಒಯ್ಯುತ್ತೇನೆಂದರೆ, ಪಶುವೈದ್ಯ ಮಾಲೀಕನ ಒಪ್ಪಿಗೆ ಬೇಕೆಂದ. ಮಾಲೀಕ ಈಗ ಆ ಮಗ. ಕೆಟ್ಟವನೇನಲ್ಲ, ಕೂರಿಸಿ ಕಾಫಿ ಕೊಟ್ಟನಂತೆ. ತಂದೆಯ ನಾಯಿಗಳನ್ನು ಹೊರಗಿನವರಿಗೆ ಕೊಡಲಾರೆ, ಮರಳುಗಾಡಿನಲ್ಲಿರುವ ನಮ್ಮ ಕುರಿದೊಡ್ಡಿಗೆ ಕಾವಲಿಗಿಡುತ್ತೇನೆ ಎಂದನಂತೆ. ಬೇಸಿಗೆಯಲ್ಲಿ ಅವು ಸಾಯುತ್ತವೆ ಎಂದು ಇವರು ಬೇಡಿಕೊಂಡರೆ, "ಅಲ್ಲಿ ಬೇರೆ ನಾಯಿಗಳೂ ಇವೆಯಲ್ಲ, ಸಿಸ್ಟರ್" ಎಂದನಂತೆ.

ಜುಲೈ ತಿಂಗಳ ಮಧ್ಯಾಹ್ನ ಪಿಕಪ್ಪು ಬಂತು. ಎಲ್ಲೋ ತಿರುಗಾಟವೆಂದುಕೊಂಡು ನಾಯಿಗಳು ಬಾಲ ಅಲ್ಲಾಡಿಸುತ್ತಾ ಹತ್ತಿದವು. ನಾನು ಮೇಲಿನ ಕಿಟಕಿಯಲ್ಲಿದ್ದೆ. ಕಣ್ಣು ಕುಕ್ಕುವ ಬಿಸಿಲಲ್ಲಿ ಜಾಲರಿ ಹಿಡಿದ ಆ ಕೈಯಷ್ಟೇ ಕಂಡಿತು. "ಬೊಸ್, ಬಾಳಾ. ಹಾಂವ್ ಯೆತಾಂ" ಎಂಬ ಬಾಯಮ್ಮನ ದನಿ ಕೇಳಿಸಿತು. ಕೂತುಕೋ ಮಗಾ, ನಾನು ಬರುತ್ತೇನೆ. ಮಕ್ಕಳನ್ನು ಸುಮ್ಮನಾಗಿಸಲು ಹೇಳುವ ಸುಳ್ಳು ಎಂದುಕೊಂಡೆ.

ಅದೇ ವಾರ ಅವರು ಊರಿಗೆ ಹೋದರು. ವರ್ಷ ತುಂಬುವ ಮೊದಲೇ ಕನ್ಯಾಸ್ತ್ರೀಯರ ವೃದ್ಧಾಶ್ರಮದಲ್ಲಿ ತೀರಿಕೊಂಡರು. ನಾಯಿಗಳಲ್ಲಿ ಒಂದೂ ಆ ಬೇಸಿಗೆ ದಾಟಲಿಲ್ಲವೆಂದು ಕೇಳಿದೆ.

"ಬಾಯಮ್ಮನೂ ಗಾಡಿ ಹತ್ತಿದ್ರು ಮಾರಾಯಾ, ನಾನೇ ನೋಡಿದ್ದೇನೆ" ಎಂದು ಕಾಕಾ ಎಷ್ಟೋ ಸಲ ಹೇಳಿದರು. ನಾನು ನಂಬಲಿಲ್ಲ. ಕಾಕಾ ಕತೆಗೆ ಬಣ್ಣ ಹಚ್ಚುವವರು.

ಬಹಳ ಕಾಲದ ಮೇಲೆ ಕುವೈತಿನದೇ ಮಹಬೂಲಾದಲ್ಲಿ ಆ ಪಿಕಪ್ಪಿನ ತೆಲುಗು ಚಾಲಕ ಸಿಕ್ಕ. ಪ್ರಶ್ನೆಯಲ್ಲೇ ಉತ್ತರ ಇರದ ಹಾಗೆ ಎಚ್ಚರದಿಂದ ಕೇಳಿದೆ: ಆವತ್ತು ಗಾಡಿಯಲ್ಲಿ ಯಾರಿದ್ದರು?

"ಮುಂದೆ ನಾನೊಬ್ಬನೇ ಭಾಯಿ. ಇಲ್ಲಿ ಏಸಿ ಇದೆ, ಬನ್ನಿ ಅಂದೆ. ಬರಲಿಲ್ಲ. ನರ್ಸಮ್ಮ ದೊಡ್ಡಿ ಮುಟ್ಟುವವರೆಗೂ ಹಿಂದೆಯೇ, ನಾಯಿಗಳ ನಡುವೆ."

ಕೈ ಜಾಲರಿಯ ಒಳಗಿತ್ತು.