ಅಕ್ಕನ ದುಬೈ ಮನೆಯ ದರ

ಆರೇಳು ವರ್ಷಗಳಿಂದ ನನ್ನ ರವಿವಾರಗಳು ಒಂದೇ ರೀತಿ ಕಳೆದಿವೆ. ತಿಂಡಿ ಮುಗಿಸಿ ಸಾಂಗ್ಲಿಯಲ್ಲಿ ಮಿರಜಿನ ಬಸ್ಸು ಹತ್ತುತ್ತೇನೆ, ರೈಲು ಸ್ಟೇಷನ್ನಿನ ಹತ್ತಿರ ಇಳಿಯುತ್ತೇನೆ, ಓಣಿಯ ಕೊನೆಯ ಮನೆಯ ಮೆಟ್ಟಿಲು ಹತ್ತುತ್ತೇನೆ. ಮೇಲಿನ ಎರಡು ಕೋಣೆಯಲ್ಲಿ ಅಕ್ಕ ಇರುತ್ತಾಳೆ. ಅವಳು ಚಹಾಕ್ಕಿಡುವಷ್ಟರಲ್ಲಿ ನಾನು ಕನ್ನಡಕ ಏರಿಸಿ, ಫೋನು ತೆಗೆದು, ದುಬೈಯಲ್ಲಿ ಮನೆಗಳ ದರ ಏನಾಗಿದೆ ಎಂದು ಓದಿ ಹೇಳುತ್ತೇನೆ. ಅರಿಶಿನ ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ದುಬೈ ಮನೆಗಳ ಉಸಾಬರಿ ಯಾಕೆ ಎಂದು ನನ್ನ ಹೆಂಡತಿ ಎಷ್ಟೋ ಸಲ ಕೇಳಿದ್ದಾಳೆ. ಉಸಾಬರಿ ಇತ್ತು. ಅಲ್ಲಿ ಅಕ್ಕನದೊಂದು ಫ್ಲ್ಯಾಟು ಇತ್ತು. ಅದನ್ನು ಮಾರಿ ಬಂದ ಹಣದಲ್ಲಿ ಅಕ್ಕ ಮಿರಜಿನಲ್ಲಿ ಸ್ವಂತದ್ದೊಂದು ಮನೆ ಮಾಡಿಕೊಳ್ಳಬೇಕು, ಬಾಡಿಗೆ ಕೋಣೆಯಲ್ಲಿ ಮುದುಕಿಯಾಗಬಾರದು ಎಂಬುದು ನನ್ನ ಹಟ.

ನಮ್ಮ ಭಾವ ದುಬೈಯಲ್ಲಿ ಮಸಾಲೆ ಸಾಮಾನಿನ ಗೋದಾಮು ನೋಡಿಕೊಳ್ಳುತ್ತಿದ್ದರು. ಮೆಣಸು, ಜೀರಿಗೆ, ನಮ್ಮದೇ ಸಾಂಗ್ಲಿಯ ಅರಿಶಿನ. ಎಲ್ಲರೂ ಫ್ಲ್ಯಾಟು ಕೊಳ್ಳುತ್ತಿದ್ದ ಕಾಲದಲ್ಲಿ ತಾವೂ ಒಂದು ಕೊಂಡರು. ಒಂದೇ ಮಲಗುವ ಕೋಣೆ, ಒಂದು ಬಾಲ್ಕನಿ, ದೂರದಲ್ಲಿ ಗೆರೆಯಷ್ಟು ಸಮುದ್ರ. ಅಂದು ಫೋನಿನಲ್ಲಿ ಅವರ ದನಿ ಕೇಳಿ ಊರೇ ಕೊಂಡಿದ್ದಾರೇನೋ ಅನ್ನಿಸಿತ್ತು. ಮುಂದೆ ಅಲ್ಲಿಯ ದರ ಬಿತ್ತು. ಕೆಲವೇ ವರ್ಷಗಳಲ್ಲಿ ಭಾವನೂ ತೀರಿಹೋದರು. ಮಗಳಿಗೆ ಅಲ್ಲೇ ಶಾಲೆಯಲ್ಲಿ ಕೆಲಸ, ಗಂಡನ ಮನೆಯೂ ಅಲ್ಲೇ. ಅಕ್ಕ ಮಾತ್ರ ಎರಡು ಸೂಟ್‌ಕೇಸು ಹಿಡಿದು ವಾಪಸು ಬಂದಳು.

ನಮ್ಮ ಮನೆಯಲ್ಲೇ ಇರು ಎಂದೆ. ಕೇಳಲಿಲ್ಲ. "ನಿನ್ನ ಹೆಂಡ್ತಿ ಅಡಿಗಿಮನ್ಯಾಗ ನಾ ಯಾಕ ಅಡ್ಡ ಕುಂದ್ರಲಿ? ಮಿರಜಿನ್ಯಾಗ ದವಾಖಾನಿ ಹತ್ತರ ಐತಿ, ನನ್ನ ಮೊಣಕಾಲಿಗೆ ಅದಾ ಛಲೋ" ಎಂದಳು. ಪುಣೆಯಲ್ಲಿರುವ ಮಾಲಕರೊಬ್ಬರ ಮಿರಜಿನ ಮನೆಯ ಮೇಲಂತಸ್ತು ಬಾಡಿಗೆಗೆ ಹಿಡಿದಳು. ಮಗಳು ಫ್ಲ್ಯಾಟು ಮಾರೋಣ ಎಂದಾಗ ಅಕ್ಕ ನನ್ನನ್ನು ಕೇಳಿದಳು. ವ್ಯಾಪಾರದ ಮಾತು ಬಂದರೆ ನನಗೆ ಉಬ್ಬು ಜಾಸ್ತಿ. ಕಾಲ ಮೇಲೆ ಕಾಲು ಹಾಕಿ ಕೂತು, "ಈಗ ಮಾರಬ್ಯಾಡ. ದರಾ ಬಿದ್ದೈತಿ. ಮುಚ್ಚಿಡು. ಬರ್ತೈತಿ" ಎಂದೆ.

ಈ ಮಾತು ನನ್ನದಲ್ಲ, ಅಪ್ಪನದು. ಸಾಂಗ್ಲಿಯ ಪಕ್ಕದ ಹರಿಪುರದಲ್ಲಿ, ಹೊಳೆಯ ದಂಡೆಗೆ, ನಮ್ಮ ಎರಡು ಹಗೇವುಗಳಿದ್ದವು. ಪೇಟೆಯವರು ಅವನ್ನು ಪೇವ್ ಎನ್ನುತ್ತಿದ್ದರು. ಆಳೆತ್ತರಕ್ಕೂ ಮೀರಿ ಆಳದ, ಬಾಯಿ ಕಿರಿದಾದ ನೆಲದ ಕಣಜ. ದರ ಇಲ್ಲದ ವರ್ಷ ಅರಿಶಿನವನ್ನು ಅದರಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಮರೆತುಬಿಡಬೇಕು. ಹುಳ ಹತ್ತುವುದಿಲ್ಲ, ಬಣ್ಣ ಕೆಡುವುದಿಲ್ಲ. ಎರಡು ವರ್ಷ, ಮೂರು ವರ್ಷ. ದರ ಬಂದ ದಿನ ಬಾಯಿ ತೆಗೆಯಬೇಕು. ತೆಗೆದ ಮೇಲೆ ಪೂರ್ತಿ ಖಾಲಿ ಮಾಡಲೇಬೇಕು; ಗಾಳಿ ತಾಗಿದ ಮಾಲು ಮತ್ತೆ ನಿಲ್ಲುವುದಿಲ್ಲ. ಅಪ್ಪ ಹೀಗೆ ಕಾದು ಕಾದು ಒಂದು ವರ್ಷ ಒಳ್ಳೆಯ ದರಕ್ಕೆ ಮಾರಿ ನಮ್ಮ ಮನೆಯ ಮಹಡಿ ಕಟ್ಟಿಸಿದರು. ಹೊಸ ಮಹಡಿಯ ಮೇಲೆ ನಾನೂ ಅಕ್ಕನೂ ಚಾಪೆ ಹಾಸಿ ಜಗಳವಾಡಿದ್ದು, ಅಕ್ಕನ ಶಾಲೆಯ ಬಿಳಿ ರವಿಕೆಯ ಕೊರಳಪಟ್ಟಿ ಎಷ್ಟು ತಿಕ್ಕಿದರೂ ಹಳದಿಯಾಗಿಯೇ ಉಳಿಯುತ್ತಿದ್ದದ್ದು, ಅಪ್ಪ ಮನೆಗೆ ಬರುವ ಮೊದಲೇ ಅವರ ಅಂಗಿಯ ವಾಸನೆ ಓಣಿಗೆ ಬರುತ್ತಿದ್ದದ್ದು, ಈಗಲೂ ಕಣ್ಣು ಮುಚ್ಚಿದರೆ ಹಾಗೇ ಇದೆ. ಆ ಕಾಲ ಮತ್ತೆ ಬಾರದು ಎಂದು ಗೊತ್ತಿದ್ದೂ ನಾನು ಅದನ್ನೇ ಬಯಸುವವನು.

ಹೀಗಾಗಿ ದುಬೈಯ ಫ್ಲ್ಯಾಟನ್ನೂ ನಾನು ಹಗೇವು ಎಂದೇ ಹಿಡಿದೆ. ಒಂದು ವರ್ಷ ಕಳೆದ ಮೇಲೆ ಅಕ್ಕನ ಮಗಳು ಫೋನು ಮಾಡಿ, ಮಾರದಿದ್ದರೆ ಹೋಗಲಿ, ಬಾಡಿಗೆಗಾದರೂ ಕೊಡೋಣ ಮಾಮಾ ಎಂದಳು. ನಾನು ಬೇಡವೇ ಬೇಡ ಎಂದೆ. ಒಮ್ಮೆ ತೆಗೆದರೆ ಮುಗಿಯಿತು, ಬಾಡಿಗೆಯವರು ಗೋಡೆ ಕೆಡಿಸುತ್ತಾರೆ, ಬಿಡಿಸುವುದೂ ಕಷ್ಟ, ದರ ಬಂದ ದಿನ ಮನೆ ಖಾಲಿ ಇರಬೇಕು ಎಂದೆಲ್ಲ ಭಾಷಣ ಬಿಗಿದೆ. ಅಕ್ಕ, "ಬಾಡಿಗೀ ಬಂದ್ರ ನನ್ನ ಇಲ್ಲೀ ಬಾಡಿಗೀ ಹೋಗ್ತಿತ್ತಲ್ಲೋ" ಎಂದಳು. "ಅಕ್ಕಾ, ವ್ಯಾಪಾರಾ ನಿನಗ ತಿಳಿಯಂಗಿಲ್ಲ, ಸುಮ್ಮಕಿರು" ಎಂದೆ. ಸುಮ್ಮನಾದಳು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಅಲ್ಲಿಂದ ರವಿವಾರಗಳು ಶುರುವಾದವು. ಮೊದಲಿನ ಕೆಲವು ವರ್ಷ ಓದುವುದಕ್ಕೆ ಸುಖವಿರಲಿಲ್ಲ. ದರ ಇನ್ನಷ್ಟು ಇಳಿದಿದೆ, ಕಟ್ಟಿದ ಮನೆಗಳಿಗೆ ಗಿರಾಕಿ ಇಲ್ಲ, ಮುಂದಿನ ವರ್ಷ ಚೇತರಿಸಬಹುದು. ಆ ಸುದ್ದಿ ಬರೆಯುವವರು ಪಂಚಾಂಗ ಹೇಳುವವರಂತೆ ಎರಡೂ ಕಡೆ ಕಾಲಿಟ್ಟು ಬರೆಯುತ್ತಾರೆ. ನಾನು ಒಳ್ಳೆಯ ಸಾಲನ್ನು ದೊಡ್ಡ ದನಿಯಲ್ಲಿ, ಕೆಟ್ಟ ಸಾಲನ್ನು ಬೇಗ ಬೇಗ ಓದುತ್ತಿದ್ದೆ. ಅಕ್ಕ ಶೇಂಗಾ ಬಿಡಿಸುತ್ತ ಕೇಳುತ್ತಿದ್ದಳು. "ಹಂಗಾರ ಇನ್ನೂ ಕಾಯಬೇಕು" ಅನ್ನುವಳು. ಮುಂದಿನ ಮಾತು ಹಳೆಯದಕ್ಕೆ ಹೊರಳುತ್ತಿತ್ತು: ಅವ್ವನ ಬದನೆಕಾಯಿ ಪಲ್ಯ, ಸಮಡೋಳಿಯಿಂದ ಬೆಲ್ಲದ ಪೆಂಟೆ ತರುತ್ತಿದ್ದ ಗಾಡಿಯವನು, ಪೇಟೆಯಲ್ಲಿ ಟವೆಲಿನ ಕೆಳಗೆ ಬೆರಳು ಒತ್ತಿ ದರ ಹೇಳುತ್ತಿದ್ದ ಅಪ್ಪನ ಕೈ. ಮಧ್ಯಾಹ್ನ ಊಟ ಮಾಡಿಯೇ ನಾನು ಹೊರಡುತ್ತಿದ್ದೆ. ನನ್ನ ಮಕ್ಕಳನ್ನು ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಬರುತ್ತದೆ. ಅಕ್ಕನ ಮನೆಯಲ್ಲಿ ಮಾತ್ರ ಮೂರು ತಾಸು ಬಾಯಿತುಂಬ ಕನ್ನಡ.

ಊರೆಲ್ಲ ಬಾಗಿಲು ಮುಚ್ಚಿ ಕೂತ ಆ ರೋಗದ ವರ್ಷದಲ್ಲಿ ಬಸ್ಸು ನಿಂತಿತು. ಆಗಲೂ ನಾನು ರವಿವಾರ ತಪ್ಪಿಸಲಿಲ್ಲ, ಫೋನಿನಲ್ಲೇ ಓದಿದೆ. ದರ ಪಾತಾಳಕ್ಕಿಳಿದಿತ್ತು. "ಧೈರ್ಯ ಬಿಡಬ್ಯಾಡ" ಎಂದೆ. ಅಕ್ಕ ಹೂಂ ಎಂದಳು. ಆಮೇಲೆ ಬಸ್ಸು ಶುರುವಾಯಿತು, ದರವೂ ನಿಧಾನಕ್ಕೆ ಏರಹತ್ತಿತು. ಒಂದು ವರ್ಷ ಸ್ವಲ್ಪ, ಮರುವರ್ಷ ಚೆನ್ನಾಗಿ. ನಾನು ಮೀಸೆ ತಿರುವುತ್ತ ಓದತೊಡಗಿದೆ. ಅಕ್ಕನಲ್ಲಿ ಅಷ್ಟೇನೂ ಉತ್ಸಾಹ ಕಾಣಲಿಲ್ಲ. ವಯಸ್ಸು, ಮೊಣಕಾಲು ಎಂದುಕೊಂಡೆ.

ಹೋದ ತಿಂಗಳು ಒಂದು ಗುರುವಾರ ಬೆಳಿಗ್ಗೆ ಫೋನು ನೋಡಿದೆ. ಭಾವ ಕೊಂಡಿದ್ದ ಅದೇ ಬಡಾವಣೆಯ ದರ, ಅವರು ಕೊಟ್ಟ ದರವನ್ನು ದಾಟಿತ್ತು. ಎರಡು ಸಲ ನೋಡಿದೆ. ರವಿವಾರದವರೆಗೆ ಕಾಯಲು ಆಗಲಿಲ್ಲ. ಅಂಗಡಿಯನ್ನು ಮಗನಿಗೆ ಬಿಟ್ಟು, ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ಕಟ್ಟುತ್ತಿರುವ ಅಪಾರ್ಟ್‌ಮೆಂಟುಗಳನ್ನು ನೋಡುತ್ತ, ಇದರಲ್ಲಿ ಅಕ್ಕನಿಗೆ ಕೆಳಗಿನ ಅಂತಸ್ತು ಹಿಡಿಯಬೇಕು, ಮೆಟ್ಟಿಲು ಇರಬಾರದು ಎಂದು ಲೆಕ್ಕ ಹಾಕಿದೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಅನ್ನಿಸಿ ಕಣ್ಣು ತುಂಬಿದ್ದೂ ನಿಜ.

ಅಕ್ಕ ಬಾಗಿಲು ತೆಗೆದು, "ಇವತ್ತ ಐತವಾರ ಅಲ್ಲಲ್ಲ?" ಎಂದಳು.

"ದರಾ ಬಂತಕ್ಕಾ" ಎಂದೆ. "ಭಾವನ ದರಾ ದಾಟೇತಿ. ಇವತ್ತ ಮಗಳಿಗೆ ಫೋನ ಮಾಡು. ಮಾರು."

ಅವಳು ಪೇಡೆಯ ಪೊಟ್ಟಣ ತೆಗೆದುಕೊಂಡು ಒಳಗಿಟ್ಟು ಬಂದಳು. ನನ್ನ ಎದುರಿಗೆ ಕೂತಳು. "ತಮ್ಮಾ, ಅದನ್ನ ಮಾರಿ ನಾಕ ವರ್ಷ ಆತು" ಎಂದಳು.

ನನಗೆ ತಕ್ಷಣ ತಿಳಿಯಲಿಲ್ಲ. ಅವಳೇ ಹೇಳಿದಳು. ಆ ರೋಗದ ವರ್ಷದಲ್ಲಿ ಪುಣೆಯ ಮಾಲಕರು ಈ ಮನೆ ಮಾರುತ್ತೇನೆ, ಮೇಲಿನ ಎರಡು ಕೋಣೆ ನಿಮಗೆ ಬೇಕೋ, ಇಲ್ಲವಾದರೆ ಖಾಲಿ ಮಾಡಿರಿ ಎಂದರಂತೆ. ಅಕ್ಕ ಮಗಳಿಗೆ ಹೇಳಿ ದುಬೈಯ ಫ್ಲ್ಯಾಟನ್ನು ಸಿಕ್ಕ ದರಕ್ಕೆ ಮಾರಿಸಿದಳು, ಈ ಕೋಣೆಗಳನ್ನು ತನ್ನ ಹೆಸರಿಗೆ ಮಾಡಿಕೊಂಡಳು. ಬಾಡಿಗೆಯ ಮನೆ ಎಂದು ನಾನು ಮರುಗುತ್ತಿದ್ದ ಮನೆ ನಾಲ್ಕು ವರ್ಷದಿಂದ ಅವಳದೇ.

ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ನಾನು ಸುಳ್ಳು ಬರೆಯುವುದೇಕೆ? "ಪಾತಾಳದ ದರಕ್ಕ ಮಾರೀದಿ. ಎಷ್ಟ ಲುಕ್ಸಾನ ಆತು ಗೊತ್ತೈತೇನು ನಿನಗ? ನಾ ಅಪ್ಪನ್ನ ನೋಡಿ ಕಲ್ತಾವ" ಎಂದು ದನಿ ಏರಿಸಿದೆ.

"ನಾನೂ ಅಪ್ಪನ್ನ ನೋಡೇನಿ" ಎಂದಳು ಅಕ್ಕ. "ಮಹಾಪೂರ ಬಂದಾಗ ನೀ ಎಲ್ಲಿದ್ದಿ?"

ಸುಮಾರು ಇಪ್ಪತ್ತು ವರ್ಷದ ಹಿಂದಿನ ಆ ದೊಡ್ಡ ಮಹಾಪೂರದಲ್ಲಿ ನಾನು ಹೆಂಡತಿ ಮಕ್ಕಳೊಂದಿಗೆ ಇದೇ ಮಿರಜಿನಲ್ಲಿ, ಮಾವನ ಮನೆಯಲ್ಲಿ ಸಿಕ್ಕಿಕೊಂಡಿದ್ದೆ. ರಸ್ತೆ ನೀರಿನಲ್ಲಿತ್ತು. ಅಕ್ಕ ರಜೆಗೆಂದು ದುಬೈಯಿಂದ ಬಂದವಳು ಅಪ್ಪನ ಜೊತೆ ಇದ್ದಳು. ಹರಿಪುರದ ಹಗೇವುಗಳಿಗೆ ಹೊಳೆ ನುಗ್ಗಿತು. ನಾನು ತಲುಪುವ ಹೊತ್ತಿಗೆ ಕೊಳೆತ ಅರಿಶಿನವನ್ನೆಲ್ಲ ಎತ್ತಿ ಚೆಲ್ಲಿಯಾಗಿತ್ತು. ಅಪ್ಪ "ಹೋತು" ಎಂದಷ್ಟೇ ಹೇಳಿ, ಮುಂದೆ ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಎತ್ತದಿದ್ದುದರಿಂದ ನಾನೂ ಮರೆತಿದ್ದೆ.

"ಅಪ್ಪ ಹಗೇದ ಬಾಯಿ ಮುಂದ ಕುಂತಿದ್ದ" ಎಂದಳು ಅಕ್ಕ. "ನಾರತಿತ್ತು, ಹತ್ತರ ಹೋಗಾಕ ಆಗತಿದ್ದಿಲ್ಲ. ಏಳಪ್ಪಾ ಅಂದ್ರ ಏಳಲಿಲ್ಲ. ಹ್ವಾದ ದೀಪಾವಳೀ ಮುಂದ ದರಾ ಬಂದಿತ್ತು, ಇನ್ನೊಂದೀಟ ಬರಲಿ ಅಂತ ಬಿಟ್ಟೆ, ಅಂತ ಅದನ್ನಾ ಅಂದ. ಮೂರ ದಿನಾ ಉಣ್ಣಲಿಲ್ಲ. ನೀ ಫೋನ್ಯಾಗ ಧೈರ್ಯ ಬಿಡಬ್ಯಾಡ ಅಂದಾಗೆಲ್ಲಾ ನನಗ ಅದಾ ನೆನಪ ಆಗತಿತ್ತು."

"ಹಂಗಾರ ನನಗ ಹೇಳಬಾರದೇನು? ನಾಕ ವರ್ಷ ಕುಂತ ಓದೇನಿ ನಿನ್ನ ಮುಂದ, ಹುಚ್ಚನಂಗ."

"ಹೇಳಿದ್ರ ನೀ ಬರೂದು ಬಿಡತಿದ್ದಿ" ಎಂದಳು. "ದರಾ ಹೇಳಾಕ ಬರ್ತಿದ್ದಿ ನೀ. ಅದು ಇಲ್ಲಂದ್ರ ಹಬ್ಬಕ್ಕೊಮ್ಮೆ, ಹುಣ್ಣಿಮಿಗೊಮ್ಮೆ. ನನಗ ಮಾತಾಡಾಕ ಇಲ್ಲಿ ಯಾರ ಅದಾರು? ಕೆಳಗಿನವರು ಮರಾಠಿ. ಮಗಳು ಫೋನ್ಯಾಗ ಅರ್ಧಾ ಹಿಂದಿ. ಇಷ್ಟ ವರ್ಷ ಬಂದಿ, ದರಾ ಹೇಳಿದಿ. ಒಂದಿನಾರ ಅಕ್ಕಾ ನಿನಗ ಏನ ಬೇಕಾಗೇತಿ ಅಂತ ಕೇಳೀಯೇನು?"

ಕೇಳಿರಲಿಲ್ಲ. ಎಷ್ಟು ನೆನಪಿಸಿಕೊಂಡರೂ ಒಂದೇ ಒಂದು ಸಲ ಕೇಳಿದ್ದು ನೆನಪಾಗಲಿಲ್ಲ. ಆದರೂ ತಲೆಯ ಒಂದು ಮೂಲೆಯಲ್ಲಿ ವ್ಯಾಪಾರಿ ಲೆಕ್ಕ ಹಾಕುತ್ತಲೇ ಇದ್ದ. ದುಬೈ ಏರಿದಷ್ಟು ಹೊತ್ತಿನಲ್ಲಿ ಮಿರಜೂ ಏರಿತ್ತು. ಇವತ್ತು ಅದನ್ನು ಮಾರಿದ್ದರೂ ಸ್ಟೇಷನ್ನಿಗೆ ಇಷ್ಟು ಹತ್ತಿರ ಇದಕ್ಕಿಂತ ದೊಡ್ಡ ಮನೆ ಸಿಗುವುದು ಅನುಮಾನ. ದರ ಬರುತ್ತದೆ ಎಂದಿದ್ದೆ, ಬಂತು; ಆ ಮಾತಿನಲ್ಲಿ ನಾನು ಸೋತಿಲ್ಲ ಎಂದು ಈಗಲೂ ವಾದಿಸಬಲ್ಲೆ. ಆದರೆ ಆ ನಾಲ್ಕು ವರ್ಷ ಅವಳು ಯಾರಿಗೂ ಹೆದರದೆ ಮಲಗಿದ್ದಳು. ನನ್ನ ಮಾತು ಕೇಳಿದ್ದರೆ ಅದು ಆಗುತ್ತಿರಲಿಲ್ಲ.

"ಈಗ ಕೇಳ್ತೇನಿ" ಎಂದೆ. "ಏನ ಬೇಕು?"

"ಹಿಂದಿನ ಖೋಲಿಗೆ ಒಂದ ಖಿಡಕಿ" ಎಂದಳು ತಡಮಾಡದೆ. "ಬ್ಯಾಸಗಿಗೆ ಕುದ್ದ ಹೋಗತೇನಿ. ಬಾಡಿಗೀ ಮನಿ ಅಂತ ನೀ ತಿಳಕೊಂಡಿದ್ದಿ, ಹೆಂಗ ಒಡೆಸ್ಲಿ?"

ಅಂದರೆ ನನ್ನಿಂದ ಗುಟ್ಟು ಮುಚ್ಚಿಡಲು ನಾಲ್ಕು ಬೇಸಿಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿದ್ದಳು. ಅಕ್ಕನೇ ಎದ್ದು ಹೋಗಿ ಪೇಡೆ ತಂದಳು, ಇಬ್ಬರೂ ತಿಂದೆವು.

ಸೋಮವಾರ ಮಾಲಗಾಂವದಿಂದ ಒಬ್ಬ ಗವಂಡಿಯನ್ನು ಕರೆದುಕೊಂಡು ಹೋದೆ. ಅವನು ಹಿಂದಿನ ಕೋಣೆಯ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ, ಸೀಮೆಸುಣ್ಣದಿಂದ ಚೌಕ ಬರೆದ. ಸುತ್ತಿಗೆ ಎತ್ತುವ ಮೊದಲು ನನ್ನ ಕಡೆ ತಿರುಗಿ, ಮಾಲಕರನ್ನು ಕೇಳಿದ್ದೀರೋ ಇಲ್ಲವೋ, ಆಮೇಲೆ ತಕರಾರು ಬರಬಾರದು ಎಂದು ಮರಾಠಿಯಲ್ಲಿ ಕೇಳಿದ. ನಾನು ಅಭ್ಯಾಸಬಲದಿಂದ ಉತ್ತರ ಕೊಡಲು ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, "ಮಾಲಕೀಣ ಮೀಚ ಆಹೇ" ಎಂದಳು. ಯಜಮಾನಿ ನಾನೇ. ಅವಳು ಮುಂದೆ ಬರಲೆಂದು ನಾನು ಪಕ್ಕಕ್ಕೆ ಸರಿದು ನಿಂತೆ. ಅಕ್ಕ ಗೋಡೆಯ ಹತ್ತಿರ ಹೋಗಿ, ಚೌಕವನ್ನು ಇನ್ನೂ ಒಂದು ಗೇಣು ಅಗಲ ಮಾಡು ಎಂದು ಅವನಿಗೆ ಹೇಳಿದಳು.