ಡಬ್ಬಿಯ ಹಿಂದಿನ ಭುಜ

ಹಿಂದುರಾವ್ ಸುತಾರನ ಬಲಗೈಯ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ. ಊಟದ ಪಂಕ್ತಿಯಲ್ಲಿ ಕೂತಾಗ ಜೋಳದ ಭಾಕರಿಯನ್ನು ಎಡಗೈಯಲ್ಲೇ ಮುರಿಯುತ್ತಾನೆ. ಹೊಸಬರು ಯಾರಾದರೂ ಮುಖ ಸಿಂಡರಿಸಿದರೆ ಬಲಗೈ ಎತ್ತಿ ತೋರಿಸುತ್ತಾನೆ. ಆ ಬೆರಳುಗಳನ್ನು ಮುರಿದವರು ಪರವೂರಿನವರಲ್ಲ, ಅವನದೇ ಊರಾದ ಡೋಣೇವಾಡಿಯವರು.

ಕೊಲ್ಲಾಪುರದ ಆ ಸುತ್ತಿನ ಹಳ್ಳಿಗಳಿಗೆ ಆಗ ವಿಡಿಯೋ ಮಿಕ್ಸರ್ ಎಂದರೆ ಹಿಂದುರಾವನ ಮಿಕ್ಸರ್. ಅಪ್ಪ ಬಡಗಿ. ಮಗ ಬಾಚಿ ಬಿಟ್ಟು ಕ್ಯಾಮೆರಾ ಹಿಡಿದ. ಆಮೇಲೆ ಮುಂಬೈಯಿಂದ ಹಳೆಯ ಮಿಕ್ಸರ್ ಒಂದನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ. ಸಿಟ್ಟಿನಲ್ಲಿದ್ದ ಅಪ್ಪನೇ ಅದಕ್ಕೆ ತೇಗದ ಪೆಟ್ಟಿಗೆ ಮಾಡಿಕೊಟ್ಟ. ಎರಡು ಕ್ಯಾಮೆರಾಗಳ ಚಿತ್ರ ತಂತಿಯ ಮೂಲಕ ಮಿಕ್ಸರಿಗೆ ಬರುತ್ತಿತ್ತು. ಅವೆರಡನ್ನೂ ಎರಡು ಪುಟ್ಟ ಟೀವಿಗಳಲ್ಲಿ ನೋಡುತ್ತ, ಬೇಕಾದ್ದನ್ನು ಅವನು ಬಟನ್ ಒತ್ತಿ ಆರಿಸುತ್ತಿದ್ದ. ಆರಿಸಿದ್ದು ಮಾತ್ರ ಜನ ನೋಡುವ ದೊಡ್ಡ ಟೀವಿಗಳಿಗೂ ಕ್ಯಾಸೆಟ್ಟಿಗೂ ಹೋಗುತ್ತಿತ್ತು. ಕ್ಯಾಮೆರಾದೊಳಗೆ ಬೇರೆ ಕ್ಯಾಸೆಟ್ ಹಾಕುವ ರೂಢಿ ಯಾರಿಗೂ ಇರಲಿಲ್ಲ. ಆರಿಸದೆ ಬಿಟ್ಟದ್ದು ಬಿಟ್ಟಂತೆಯೇ.

ಕುಸ್ತಿ ಮೈದಾನಗಳಲ್ಲಿ ಅವನು ಒಂದು ಹೊಸ ಚಟ ಹಚ್ಚಿದ್ದ. ಗೆದ್ದವನಿಗೆ ಬಹುಮಾನದ ಗದೆ ಕೊಡಿಸುವ ಯಜಮಾನರ ಮುಖವನ್ನು ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕದೊಳಗೆ ಕೂರಿಸುತ್ತಿದ್ದ. ಜನ ಅದನ್ನು ಡಬ್ಬಿ ಎಂದರು. ಮೊದಲು ತಮಾಷೆಗೆ ಮಾಡಿದ್ದು, ಆಮೇಲೆ ಡಬ್ಬಿ ಇಲ್ಲದೆ ಯಜಮಾನರು ಒಪ್ಪದಂತಾಯಿತು.

ಬೆರಳು ಮುರಿದ ವರ್ಷ ಬೆಳ್ಳಿ ಗದೆ ಕೊಡಿಸಿದ ಯಜಮಾನರು ಆಬಾಸಾಹೇಬರು. ಕಡೆಯ ಜೋಡಿ, ಡೋಣೇವಾಡಿಯ ಸರ್ಜೇರಾವ್ ಖೋತ್ ಮತ್ತು ಹಿವರೆಯ ಭೈರೂ ಮಗದುಮ್. ಹಿಂದಿನ ವರ್ಷ ಇದೇ ಜೋಡಿ ಸಮ ಆದಾಗ ನಡೆದ ಬಡಿದಾಟದಲ್ಲಿ ಹಿವರೆಯ ಒಬ್ಬನ ಕಣ್ಣು ಹೋಗಿತ್ತು. ಈ ಸಲ ಎರಡೂ ಊರಿನವರು ಧೋತರದೊಳಗೆ ಏನೇನೋ ಸಿಕ್ಕಿಸಿಕೊಂಡೇ ಬಂದಿದ್ದರು.

ಇಳಿಹೊತ್ತಿನಲ್ಲಿ ಇಬ್ಬರೂ ಕೆಂಪು ಮಣ್ಣಿಗಿಳಿದರು. ಕುತ್ತಿಗೆಯ ಮೇಲೆ ಬಿದ್ದ ಒಂದೊಂದು ಹೊಡೆತವೂ ಒದ್ದೆ ಬಟ್ಟೆ ಒಗೆದಂತೆ ಕೇಳುತ್ತಿತ್ತು. ಸರ್ಜೇರಾವ್ ಮೊಣಕೈ ಬೀಸಿದ, ಭೈರೂನ ತುಟಿ ಹರಿಯಿತು. ಭೈರೂ ಅವನ ಕಿವಿಯನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ರಕ್ತ ಬರಿಸಿದ. ಆಮೇಲೆ ಒಳಗಾಲು ಕೊಟ್ಟು ಎತ್ತಿ ಒಗೆದ.

ಸರ್ಜೇರಾವನ ಎಡಭುಜ ಮಣ್ಣಿಗೆ ಬಡಿಯಿತು. ಬಲಭುಜ ಇನ್ನೂ ಗೇಣಿನಷ್ಟು ಮೇಲಿತ್ತು. ಎರಡೂ ಒಟ್ಟಿಗೆ ತಾಗಿದರೆ ಸೋಲು. ಭೈರೂ ಎದೆಯಿಂದ ಒತ್ತಿದ. ದೊಡ್ಡ ಟೀವಿಯಲ್ಲಿ ಆ ಭುಜ ನಿಧಾನವಾಗಿ ಇಳಿದು ಆಬಾಸಾಹೇಬರ ಡಬ್ಬಿಯ ಹಿಂದೆ ಹೋಯಿತು. ಡಬ್ಬಿ ತೆಗೆಯಲು ಹಿಂದುರಾವನ ಬೆರಳು ಹೊರಟಿತು, ಆದರೆ ಸಾಹೇಬರು ಆಗಷ್ಟೇ ಮೀಸೆ ತೀಡತೊಡಗಿದ್ದರು. ಈಗ ತೆಗೆದರೆ ಸಿಟ್ಟಾದಾರೆಂದು ಅರೆಕ್ಷಣ ತಡೆದ. ಮುಂದಿದ್ದ ಪುಟ್ಟ ಟೀವಿಯಲ್ಲಿ, ಡಬ್ಬಿ ಇಲ್ಲದ ಚಿತ್ರದಲ್ಲಿ, ಭುಜ ಮಣ್ಣಿಗೆ ಅಂಟಿಕೊಂಡದ್ದನ್ನು ಅವನು ಕಂಡ. ಒಂದು ಉಸಿರಿನಷ್ಟು ಹೊತ್ತು. ಸರ್ಜೇರಾವ್ ಹೊರಳಿಕೊಂಡ.

ಒಬ್ಬ ಪಂಚ ಭುಜ ತಾಗಿತೆಂದು ಸೀಟಿ ಊದಿದ. ಆಚೆ ಮಗ್ಗುಲಲ್ಲಿದ್ದ ಇನ್ನೊಬ್ಬ ಇಲ್ಲವೆಂದು ಕೈಯಾಡಿಸಿದ. ಜನ ಎದ್ದು ನಿಂತರು.

"ಕೂಡ್ರಿ! ಕ್ಯಾಸೆಟ್ ಐತಿ, ಟೀವಿಯಾಗ ನೋಡೂಣು!" ಎಂದು ಮೈಕಿನವನು ಕೂಗಿದ.

ಹಿಂದುರಾವ್ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಹಾಕಿದ. ಇಡೀ ಮೈದಾನ ಟೀವಿಯ ಕಡೆ ತಿರುಗಿತು. ಭುಜ ಇರಬೇಕಾದ ಜಾಗದಲ್ಲಿ ಆಬಾಸಾಹೇಬರು ಮೀಸೆ ತೀಡುತ್ತಿದ್ದರು.

ಯಾರೋ ಒಬ್ಬ ನಕ್ಕ. ಮರುಕ್ಷಣ ಮೊದಲ ಕಲ್ಲು ಬಿತ್ತು.

ಮೈದಾನದ ಕಟ್ಟೆಗೆ ಕಟ್ಟಿದ್ದ ಬಿದಿರುಗಳನ್ನು ಕಿತ್ತುಕೊಂಡು ಹೊಡೆದಾಡಿದರು. ಹಲಗೆ ಬಾರಿಸುವವನ ತಲೆ ಒಡೆದು, ರಕ್ತ ಹಲಗೆಯ ಮೇಲೆ ಸುರಿಯಿತು. ಕ್ಯಾಮೆರಾ ಹಿಡಿದಿದ್ದ ಇಲಾಹಿ ಬೆನ್ನಿಗೆ ಪೆಟ್ಟು ತಿಂದು ಮರದ ಮಂಚಿಕೆಯ ಕೆಳಗೆ ತೂರಿಕೊಂಡ. ಹಿಂದುರಾವ್ ಮಾತ್ರ ಓಡಲಿಲ್ಲ. ಮಿಕ್ಸರಿನ ಮೇಲೆ ಬೋರಲು ಬಿದ್ದುಕೊಂಡ.

ಡೋಣೇವಾಡಿಯ ಹತ್ತು ಜನ ಅವನನ್ನು ಸುತ್ತುವರಿದರು. ಮುಂದಿದ್ದವನು ಅವನ ಹೆಂಡತಿಯ ತಮ್ಮ ವಿಲಾಸ. ಕೈಯಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಕಬ್ಬಿಣದ ಕಾಲು.

"ದಾಜಿ, ಮೈಕಿನ್ಯಾಗ ತಾಗಿಲ್ಲ ಅನ್ರಿ. ಒಂದ ಮಾತು. ನಿಮ್ಮ ಪೆಟಿಗಿ ಉಳೀತೈತಿ."

"ತಾಗೇತೋ ವಿಲಾಸ. ಸಣ್ಣ ಟೀವಿಯಾಗ ಕಂಡೀನಿ."

"ಊರ ಅನ್ನ ತಿಂದು ಹಿವರೆಯವರ ಕಡೆ ಬಗಳ್ತಿಯೇನಲೇ!" ಎಂದ ಹಿಂದಿದ್ದವನೊಬ್ಬ. "ಹಿಡೀರಿ ಅವನ ಕೈಯ!"

ಬಲಗೈಯನ್ನು ಎಳೆದು ಮಿಕ್ಸರಿನ ಬಟನುಗಳ ಮೇಲೆ ಚಾಚಿಸಿದರು. ವಿಲಾಸ ಕಬ್ಬಿಣ ಎತ್ತಿ ಇಳಿಸಿದ. ಎರಡು ಬೆರಳು ಒಂದೇ ಪೆಟ್ಟಿಗೆ ಮುರಿದವು. ಬಟನುಗಳೂ ಒಡೆದು ಚಿಮ್ಮಿದವು.

"ಈಗ ಹೇಳ್ರಿ ದಾಜಿ!" ವಿಲಾಸನ ದನಿಯಲ್ಲಿ ಅಳುವಿತ್ತು.

"ಅದ ಹೇಳ್ತೀನಿ. ತಾಗೇತಿ."

ಇನ್ನೊಂದು ಪೆಟ್ಟು. ಆಮೇಲೆ ತೇಗದ ಪೆಟ್ಟಿಗೆಯನ್ನು ಎತ್ತಿ ಕಟ್ಟೆಯ ಕಲ್ಲಿಗೆ ಒಗೆದರು. ಒಳಗಿನ ತಂತಿಗಳು ಕೋಳಿಯ ಕರುಳಿನಂತೆ ಹೊರಬಿದ್ದವು. ಬೆರಳು ಮುರಿದಾಗ ಹಲ್ಲು ಕಚ್ಚಿ ತಡೆದಿದ್ದ ಹಿಂದುರಾವ್ ಆಗ ಚೀರಿದ.

ಅಷ್ಟರಲ್ಲಿ ಸರ್ಜೇರಾವ್ ಗುಂಪನ್ನು ಸೀಳಿಕೊಂಡು ಬಂದ. ಕಿವಿಯ ರಕ್ತ ಹೆಗಲಿನ ಮಣ್ಣಿನಲ್ಲಿ ಹೆಪ್ಪುಗಟ್ಟಿತ್ತು.

"ಪೈಲ್ವಾನ್, ನೀವ ಹೇಳ್ರಿ ಇವಗ!" ಎಂದ ವಿಲಾಸ.

ಪೈಲ್ವಾನ ಆ ಬೆರಳುಗಳನ್ನು ನೋಡಿದ. "ತಾಗಿತ್ತು," ಎಂದ. "ಎರಡೂ ತಾಗಿದ್ವು."

"ಆಗಲೇ ಯಾಕ ಹೇಳಲಿಲ್ಲ?" ಎಂದು ಬಿದ್ದಲ್ಲಿಂದಲೇ ಹಿಂದುರಾವ್ ಕೇಳಿದ.

"ನನ್ನ ಯಾರು ಕೇಳಿದ್ರಿ? ಎಲ್ಲಾರೂ ಟೀವಿ ಕಡೆ ತಿರುಗಿ ಕುಂತ್ರಿ. ನಾನೂ ಅದರ ಕಡೆ ನೋಡಿದೆ. ಕಾಣಲಿಲ್ಲ. ಸುಮ್ಮನಾದೆ."

ಹಿಂದುರಾವ್ ಎದ್ದ. ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಎಡಗೈ ಬೀಸಿ, ತನ್ನ ಎರಡರಷ್ಟಿದ್ದ ಪೈಲ್ವಾನನ ಕೆನ್ನೆಗೆ ಬಾರಿಸಿದ. ರಕ್ತ ಬಂದ ಕಿವಿಯ ಕಡೆಗೇ ಬಾರಿಸಿದ. ಸರ್ಜೇರಾವ್ ತಲೆ ತಗ್ಗಿಸಲಿಲ್ಲ, ಕೈಯನ್ನೂ ಎತ್ತಲಿಲ್ಲ. ನೆಟ್ಟಗೆ ಹೋಗಿ ಮೈಕ್ ಕಸಿದು ತನ್ನ ಸೋಲನ್ನು ತಾನೇ ಕೂಗಿದ. ಗದೆ ಹಿವರೆಗೆ ಹೋಯಿತು.

ಎರಡು ವರ್ಷದ ಮೇಲೆ ಹಿಂದುರಾವ್ ಇನ್ನೊಂದು ಮಿಕ್ಸರ್ ತಂದ. ಎಲ್ಲವನ್ನೂ ಎಡಗೈಯಲ್ಲೇ ಕಲಿತ. ಆದರೆ ಡಬ್ಬಿ ಹಾಕುವುದಿಲ್ಲ. ಮೊನ್ನೆ ಮೈದಾನದಲ್ಲಿ ಯಜಮಾನರ ಕಡೆಯವನೊಬ್ಬ ಬಂದು, "ಸುತಾರ, ಸಾಹೇಬ್ರ ಡಬ್ಬಿ?" ಎಂದ. ಹಿಂದುರಾವ್ ಬಲಗೈ ಎತ್ತಿ ತೋರಿಸಿದ.

"ಆ ಬಟನ್ ಒತ್ತೂ ಬೆರಳು ಮಡಚಂಗಿಲ್ರಿ."

"ಎಡಗೈ ಐತಲ್ಲೋ ಅಣ್ಣಾ," ಎಂದು ಕ್ಯಾಮೆರಾದ ಹಿಂದಿನಿಂದ ಇಲಾಹಿ ಕೆಣಕಿದ.

"ಅದನ್ನ ಪೈಲ್ವಾನರಿಗೆ ಅಂತ ಇಟ್ಟೀನಿ. ನೀ ಭುಜ ಹಿಡಿ, ಭುಜ."